ಇ-ಮೇಲ್ ತಂತ್ರಾಂಶದ ಆಯ್ಕೆ ಮತ್ತು ಅಳವಡಿಕೆ

ಶಾಸನ, ಕಡತ, ಕಾಗದಪತ್ರಗಳನ್ನು ಆಕರಗಳೆಂದು ಗೌರವಿಸುವ ನಾವು ನಮ್ಮ ಇ-ಮೇಲ್ ಪತ್ರಗಳ ವಿಷಯದಲ್ಲಿ ಮಾತ್ರ ಉದಾಸೀನರಾಗಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಗಣಕಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟಾಗ, ಹಿರಿಯ ವಿದ್ವಾಂಸರೊಬ್ಬರು ಶಾಸನಪಾಠಗಳನ್ನು ಕುರಿತು ಬರೆದಿದ್ದ ಪತ್ರಗಳೆಲ್ಲವೂ ಅದರೊಡನೆ ನಷ್ಟವಾದುವು. ಅವರು ಈಗ ಬದುಕಿಲ್ಲ. ಪತ್ರಗಳನ್ನು ಪಡೆಯಲು ನಾವು ಆರಿಸಿಕೊಂಡಿದ್ದ ಕ್ರಮವೇ ಈ ನಷ್ಟಕ್ಕೆ ಕಾರಣವಾಯಿತು.

ಇಂಥ ಕ್ರಮಗಳು ಮುಖ್ಯವಾಗಿ ಎರಡು. 1984ರಲ್ಲಿ ನಿರೂಪಿತವಾದ 'ಪಾಪ್' ಕ್ರಮದಲ್ಲಿ ತಂತ್ರಾಂಶವು ಪತ್ರಗಳನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳುತ್ತದೆ. ಉಳಿಸೆಂದು ಸೂಚಿಸದಿದ್ದರೆ ಸರ್ವರಿನಲ್ಲಿದ್ದ ಪ್ರತಿಯು ಸಾಮಾನ್ಯವಾಗಿ ಅಳಿದುಹೋಗುತ್ತದೆ. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ 'ಐಮ್ಯಾಪ್' ಕ್ರಮದಲ್ಲಾದರೋ ಮೂಲವು ಸರ್ವರಿನಲ್ಲಿಯೇ ನಿಲ್ಲುತ್ತದೆ. ಮನೆಯಲ್ಲಿಯೂ ಕಾಲೇಜಿನಲ್ಲಿಯೂ ಒಂದೇ ಪತ್ರಸಂಗ್ರಹ ಕಾಣುತ್ತದೆ. ಅಧ್ಯಾಪಕರಿಗೆ ಇದೇ ಉಚಿತವೆಂದು ನಮ್ಮ ಅಭಿಪ್ರಾಯ. ಆದರೆ ಇಲ್ಲಿ ಅಳಿಸಿದ ಪತ್ರವು ಅಲ್ಲಿಯೂ ಅಳಿಯುವುದರಿಂದ ಬೇರೊಂದು ಪ್ರತಿ ಅವಶ್ಯಕ.

ತಂತ್ರಾಂಶಗಳಲ್ಲಿ ಥಂಡರ್‌ಬರ್ಡನ್ನು ನಾವು ಮೆಚ್ಚುತ್ತೇವೆ. ಇದರ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಹೊರಬಂದಿತು. ಇದಕ್ಕೆ ಬೆಲೆ ತೆರಬೇಕಾಗಿಲ್ಲ; ಅದಕ್ಕಿಂತ ಮುಖ್ಯವಾಗಿ, ಪತ್ರಗಳನ್ನು ಸಾಮಾನ್ಯವಾಗಿ 'ಎಂಬಾಕ್ಸ್' ಎಂಬ ಸರಳ ಪಠ್ಯರೂಪದಲ್ಲಿಡುವುದರಿಂದ ಅನ್ಯ ತಂತ್ರಾಂಶಗಳೂ ಅವನ್ನು ಓದಬಲ್ಲುವು. ಹೆಸರು, ವಿಳಾಸ, ಪಾಸ್‌ವರ್ಡುಗಳನ್ನು ಕೊಟ್ಟರೆ ಉಳಿದ ವಿವರಗಳನ್ನು ಬಹುಮಟ್ಟಿಗೆ ತಾನೇ ಕಂಡುಕೊಳ್ಳುತ್ತದೆ. ಇಲ್ಲವಾದರೆ ಐಮ್ಯಾಪಿಗೆ 993, ಪತ್ರ ಕಳುಹಿಸುವ ಎಸ್‌ಎಂಟಿಪಿಗೆ 465 ಅಥವಾ 587 ಎಂಬ ಪೋರ್ಟ್ ಸಂಖ್ಯೆಗಳನ್ನು ನಾವೇ ತುಂಬತಕ್ಕದ್ದು. ಪತ್ರಗಳ ಪ್ರತಿಯನ್ನು ಯಂತ್ರದಲ್ಲಿಯೂ ಇರಿಸಬೇಕೆಂಬ ಸೂಚನೆಗೆ ಗುರುತು ಹಾಕಿ, ಆಗಾಗ್ಗೆ 'ಪ್ರೊಫೈಲ್' ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಡಬೇಕು.