ಮೇಲ್ಸೇತುವೆಯ ಕೆಳಗೊಂದು ಮನೆ



ನಮ್ಮ ಬಳಗದ ಸಭೆ ಈಗ ಒಂದು ತಿಂಗಳು ಒಬ್ಬರ ಮನೆಯಲ್ಲಿ, ಇನ್ನೊಂದು ತಿಂಗಳು ಇನ್ನೊಬ್ಬರ ಮನೆಯಲ್ಲಿ ನಡೆಯುತ್ತಿದೆ. ವರ್ಷಗಟ್ಟಲೆ ನಾವು ಕೂತು ಓದಿ, ವಾದಿಸಿ, ಚುರುಮುರಿ ತಿಂದ ಗ್ರಂಥಾಲಯದ ಕೋಣೆಯ ಬಾಡಿಗೆ ಏರಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಮನೆಗಳಲ್ಲಿ ಕಾಫಿ ಚೆನ್ನಾಗಿರುತ್ತದೆ, ನಿಜ. ಆದರೆ ಹೊಸಬರು ಬರುವುದು ನಿಂತುಹೋಗಿದೆ. ಗುರುತಿಲ್ಲದವರ ಮನೆಯ ಬೆಲ್ ಒತ್ತಲು ಯಾರಿಗಾದರೂ ಸಂಕೋಚವೇ ತಾನೇ? ಯಾರೂ ಕರೆಯದೆ ಹೋಗಿ ಕೂರಬಹುದಾದ ಜಾಗ ಎಂದರೇನು ಎಂದು ಈಚೆಗೆ ನಾವು ಬಹಳ ಯೋಚಿಸುತ್ತಿರುವುದಕ್ಕೆ ಇದೇ ಕಾರಣ. ನಮ್ಮದೇ ಲಂಡನ್ನಿನಲ್ಲಿ ಕೆಲವು ಹುಡುಗ ಹುಡುಗಿಯರು ಅಂಥ ಜಾಗವನ್ನು ಹೇಗೆ ಹುಟ್ಟಿಸಿದರು ಎಂಬುದನ್ನು ಇಲ್ಲಿ ಹೇಳಹೊರಟಿದ್ದೇವೆ.

2010ರಲ್ಲಿ ಕ್ಲರ್ಕನ್‌ವೆಲ್ ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕ್ ಮುಚ್ಚಿ ಪಾಳುಬಿದ್ದಿತ್ತು. ಆಗಷ್ಟೇ ಓದು ಮುಗಿಸಿದ್ದ, ಹೆಚ್ಚಿನವರು ಕೇಂಬ್ರಿಜ್‌ನಲ್ಲಿ ವಾಸ್ತುಶಿಲ್ಪ ಕಲಿತಿದ್ದ ಒಂದು ಗುಂಪು ಅದನ್ನು ಕೆಲವು ವಾರಗಳ ಮಟ್ಟಿಗೆ ಸಿನಿಮಾ ಮಂದಿರವಾಗಿಸಿತು. ಹೆಸರು 'ಸಿನೆರೋಲಿಯಂ'. ಬಂಕಿನ ಸೂರೇ ಚಿತ್ರಮಂದಿರದ ಸೂರು. ಮಾಡಿಗೆ ಹೊದಿಸುವ ಅಗ್ಗದ ಹಾಳೆಯನ್ನು ಕೈಯಾರೆ ಹೊಲಿದು ಸುತ್ತಲೂ ಬೆಳ್ಳಿ ಬಣ್ಣದ ಪರದೆ ಇಳಿಬಿಟ್ಟರು. ಸಿನಿಮಾ ಮುಗಿದೊಡನೆ ಪರದೆ ಮೇಲೇರುತ್ತಿತ್ತು: ಕತ್ತಲಲ್ಲಿ ಕೂತಿದ್ದವರ ಕಣ್ಣೆದುರು ಬಸ್ಸು, ಕಾರು, ದಾರಿಹೋಕರು! ಯಾರು ಯಾರನ್ನು ನೋಡುತ್ತಿದ್ದರೋ ಹೇಳುವುದು ಕಷ್ಟ. ಈ ಗುಂಪೇ ಮುಂದೆ 'ಅಸೆಂಬಲ್' ಎಂದು ಹೆಸರಾಯಿತು.

ನಮಗೆ ಹೆಚ್ಚು ಇಷ್ಟವಾದದ್ದು ಮರುವರ್ಷದ ಕೆಲಸ. ಹ್ಯಾಕ್ನಿ ವಿಕ್‌ನಲ್ಲಿ ಎ12 ಹೆದ್ದಾರಿ ಎರಡು ಸೇತುವೆಗಳಾಗಿ ಕಾಲುವೆಯ ಬಳಿ ಹಾದುಹೋಗುತ್ತದೆ. ಹೋಗುವ ರಸ್ತೆಗೊಂದು, ಬರುವ ರಸ್ತೆಗೊಂದು. ನಡುವೆ ಸಣ್ಣ ಸಂದು, ಕೆಳಗೆ ಕತ್ತಲು, ಕಸ. 2011ರ ಬೇಸಿಗೆಯಲ್ಲಿ ಆ ಸಂದಿನಿಂದ ಒಂದು ಮನೆಯ ಇಳಿಜಾರು ಮಾಡು ತಲೆಯೆತ್ತಿತು. ಅವರೇ ಅದಕ್ಕೊಂದು ಕಥೆ ಕಟ್ಟಿದ್ದರು: ಹೆದ್ದಾರಿ ಬರುವಾಗ ಒಬ್ಬ ಹಟಮಾರಿ ಮನೆ ಬಿಟ್ಟು ಏಳಲಿಲ್ಲವಂತೆ, ಕೊನೆಗೆ ಅವನ ಮನೆಯನ್ನು ಬಳಸಿಕೊಂಡೇ ರಸ್ತೆ ಹಾಕಿದರಂತೆ. ರಸ್ತೆ ಅಗಲೀಕರಣದ ನೋಟೀಸು ಕಂಡ ನಮ್ಮೂರಿನವರಿಗೆ ಈ ಅಜ್ಜನ ಗುರುತು ಚೆನ್ನಾಗಿಯೇ ಇರುತ್ತದೆ.

ಇಂಗ್ಲಿಷರ ಶ್ರೀಮಂತರು ತಮ್ಮ ತೋಟಗಳಲ್ಲಿ ಯಾವ ಉಪಯೋಗಕ್ಕೂ ಅಲ್ಲದೆ, ನೋಟಕ್ಕೆಂದೇ ಕಟ್ಟಿಸುತ್ತಿದ್ದ ಸುಳ್ಳು ಗೋಪುರ, ಸುಳ್ಳು ಪಾಳುಮಂಟಪಗಳಿಗೆ 'ಫಾಲಿ' ಎನ್ನುತ್ತಾರೆ. ಅಂದರೆ ಹುಚ್ಚಾಟ. ಹಾಗಾಗಿ ಇದು 'ಫಾಲಿ ಫಾರ್ ಎ ಫ್ಲೈಓವರ್'. ಕಟ್ಟಿದ್ದು ಎಂಥವರು? ಸುಮಾರು ಇನ್ನೂರು ಮಂದಿ ಸ್ವಯಂಸೇವಕರು, ಬಹುಪಾಲು ಗಾರೆ ಕೆಲಸ, ಮರಗೆಲಸ ಬಾರದವರು. ಅದಕ್ಕಾಗಿಯೇ ಇಡೀ ಕಟ್ಟಡವನ್ನು ಮಕ್ಕಳ ಜೋಡಣೆಯ ಆಟಿಕೆಯಂತೆ ಯೋಚಿಸಿದ್ದರು. ಇಟ್ಟಿಗೆಯಂತೆ ಕಾಣುವ ಮರದ ತುಂಡುಗಳಿಗೆ ತೂತು ಕೊರೆದು, ಹೂ ಪೋಣಿಸಿದಂತೆ ಪೋಣಿಸಿ, ಕಬ್ಬಿಣದ ಸಾರವೆಗೆ ಇಳಿಬಿಟ್ಟರೆ ಗೋಡೆ ಸಿದ್ಧ. ಹಗಲು ಕಾಫಿ, ದೋಣಿ ವಿಹಾರ. ರಾತ್ರಿ ಸಿನಿಮಾ, ನಾಟಕ. ಒಂಬತ್ತು ವಾರದಲ್ಲಿ 40,000 ಜನ ಬಂದರು. ಆಮೇಲೆ ಬಿಚ್ಚಿದರು. ಇಟ್ಟಿಗೆಗಳು ಹತ್ತಿರದ ಪ್ರಾಥಮಿಕ ಶಾಲೆಯ ಮಕ್ಕಳ ಆಟಕ್ಕೆ, ಗಿಡಗಳ ಪಾತಿಗೆ ಹೋದವು.

ತಾತ್ಕಾಲಿಕವೇ ಯಾಕೆ? ಶಾಶ್ವತ ಕಟ್ಟಡಕ್ಕೆ ಅನುಮತಿ, ಹಣ, ವರ್ಷಗಳ ಓಡಾಟ ಬೇಕು. ಕೆಲವು ವಾರಕ್ಕಾದರೆ ಜಾಗದವರೂ "ಆಗಲಿ" ಎನ್ನುತ್ತಾರೆ. ಮಾಡಿ ನೋಡಿ, ಜನ ಬರದಿದ್ದರೆ ಬಿಚ್ಚಿದರಾಯಿತು. ನಮಗೇನು ಇದು ಹೊಸದಲ್ಲ ಅನ್ನಿ. ಒಬ್ಬರ ತೋಟದ ಅಡಿಕೆಮರ, ಇನ್ನೊಬ್ಬರ ತೆಂಗಿನಗರಿ, ಕೇರಿಯವರ ಕೈ ಸೇರಿ ಬೆಳಗಾಗುವುದರೊಳಗೆ ಏಳುತ್ತಿದ್ದ ಮದುವೆಯ ಚಪ್ಪರ, ಬೀದಿಗೆ ಅಡ್ಡ ನಿಲ್ಲುವ ಗಣೇಶನ ಪೆಂಡಾಲು, ಇವೆಲ್ಲ ಇದೇ ಜಾತಿಯವು. ಒಂದೇ ವ್ಯತ್ಯಾಸ. ಚಪ್ಪರ ಬಿಚ್ಚಿದ ಮೇಲೆ ಆ ಬೀದಿಯ ಬಾಡಿಗೆ ಏರುವುದಿಲ್ಲ.

ಇಲ್ಲಿ ಏರುತ್ತದೆ. ಫಾಲಿ ಬಿಚ್ಚಿದ ಮೇಲೆ ಒಲಿಂಪಿಕ್ಸ್ ಪ್ರದೇಶದ ಅಭಿವೃದ್ಧಿಯ ಹೊಣೆ ಹೊತ್ತ ಸಂಸ್ಥೆ ಆ ಜಾಗ ಸಾರ್ವಜನಿಕವಾಗಿಯೇ ಉಳಿಯುವಂತೆ ಕಾಯಂ ಸೌಕರ್ಯಕ್ಕೆ ಹಣ ಹಾಕಿತು. ಇದು ಒಳ್ಳೆಯ ಸುದ್ದಿ. ಆದರೆ ಸುತ್ತಲಿನ ಹಳೆಯ ಉಗ್ರಾಣಗಳಲ್ಲಿ ಅಗ್ಗದ ಬಾಡಿಗೆಗೆ ಇದ್ದ ಎಷ್ಟೋ ಕಲಾವಿದರು 2012ರ ಒಲಿಂಪಿಕ್ಸ್ ನಂತರ ಎದ್ದ ಹೊಸ ಫ್ಲ್ಯಾಟುಗಳ ನಡುವೆ ನೆಲೆ ಕಳೆದುಕೊಂಡರು. ಅದಕ್ಕೆ ಈ ಪುಟ್ಟ ಮನೆ ಕಾರಣವಲ್ಲ. ಆದರೂ ಜಾಗಕ್ಕೆ ಕಳೆ ಬಂದದ್ದನ್ನು ಮೊದಲು ಗಮನಿಸುವವರು ನೆಲ ಕೊಳ್ಳುವವರೇ ಎಂಬ ಅನುಮಾನ ನಮ್ಮನ್ನು ಬಿಡುವುದಿಲ್ಲ.

ಈ ಮಾತಿಗೆ ಉತ್ತರದಂತಿರುವುದು ಇದೇ ಗುಂಪು ಕೈಜೋಡಿಸಿದ ಲಿವರ್‌ಪೂಲಿನ ಗ್ರ್ಯಾನ್‌ಬಿ. 1981ರ ಗಲಭೆಯ ನಂತರ ಮನೆಗಳು ಒಂದೊಂದಾಗಿ ಖಾಲಿಯಾಗಿ, ಕೆಡವಲು ಕಾದಿದ್ದ ಬೀದಿಗಳು ಅವು. ಅಲ್ಲೇ ಉಳಿದ ಕೆಲವರು, ಅದರಲ್ಲೂ ಹೆಂಗಸರು, ಕಸ ಗುಡಿಸಿದರು, ಬೀದಿಯಲ್ಲಿ ಹೂಗಿಡ ಇಟ್ಟರು, ಹಲಗೆ ಹೊಡೆದ ಕಿಟಕಿಗಳಿಗೆ ಬಣ್ಣ ಬಳಿದರು, ತಿಂಗಳಿಗೊಮ್ಮೆ ಸಂತೆ ಕೂಡಿಸಿದರು. 2011ರಲ್ಲಿ ತಮ್ಮದೇ ಭೂಟ್ರಸ್ಟ್ ಮಾಡಿಕೊಂಡರು. ಅಸೆಂಬಲ್ ಬಂದದ್ದು ಆಮೇಲೆ. ಹತ್ತು ಮನೆಗಳು ರಿಪೇರಿಯಾದವು. 2015ರಲ್ಲಿ ಬ್ರಿಟನ್ನಿನ ಟರ್ನರ್ ಕಲಾ ಪ್ರಶಸ್ತಿ ಬಂತು. ಮನೆ ರಿಪೇರಿ ಕಲೆಯೇ ಎಂದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೂ ಆಯಿತು. ಒಳಗೆಲ್ಲ ಕುಸಿದಿದ್ದ ಎರಡು ಮನೆಗಳು 2019ರಲ್ಲಿ ಗಾಜಿನ ಸೂರಿನ ಒಳತೋಟವಾಗಿ ಎಲ್ಲರಿಗೂ ತೆರೆದವು. ಇಲ್ಲಿ ಮೊದಲು ಬಂದದ್ದು ಹೂಕುಂಡ, ಆಮೇಲೆ ಕಾಗದಪತ್ರ, ಕೊನೆಗೆ ಕಲಾವಿದರು. ಈ ಅನುಕ್ರಮ ನಮಗೆ ಮುಖ್ಯವೆನಿಸಿತು. ಹ್ಯಾಕ್ನಿಯಲ್ಲಿ ನೆಲದ ಕಾಗದ ಬೇರೆಯವರ ಕೈಯಲ್ಲಿತ್ತು.

ಹ್ಯಾಕ್ನಿ ವಿಕ್ ನಿಲ್ದಾಣದಲ್ಲಿ ಇಳಿದರೆ ಆ ಸೇತುವೆ ನಡೆಯುವಷ್ಟೇ ದೂರ. ಮನೆಯೇನೂ ಈಗಿಲ್ಲ, ಸೇತುವೆಗಳೂ ಸಂದೂ ಇವೆ. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ನಾವು ಕೆಲವರು ಚಾಪೆ, ಫ್ಲಾಸ್ಕು, ಓದಲು ಒಂದೊಂದು ಪುಸ್ತಕ ಹಿಡಿದು ಹೋಗೋಣ ಎಂದಿದ್ದೇವೆ. ಬರುವವರು ಈ ಅಂಚೆಗೆ ಒಂದು ಸಾಲು ಉತ್ತರ ಬರೆಯಿರಿ. ಚುರುಮುರಿ ಯಾರು ತರುತ್ತೀರೆಂಬುದನ್ನೂ ದಯವಿಟ್ಟು ತಿಳಿಸಿ.