ಓಡಿಸಲು ಬಂತು, ನಿಲ್ಲಿಸಲು?

ಮಂಡ್ಯ ಸೀಮೆಯಲ್ಲಿ ಬೈಕು ಕಲಿಯುವವರಿಗೆ ಜಾಗಕ್ಕೆ ಬರವಿಲ್ಲ. ಸೈಟು ಹಂಚಿ ಇನ್ನೂ ಮನೆ ಏಳದ ಬಡಾವಣೆ, ಭಾನುವಾರದ ಶಾಲೆ ಮೈದಾನ, ಒಕ್ಕಣೆ ಮುಗಿದ ಕಣ, ಯಾವುದೂ ಸಿಗದಿದ್ದರೆ ನಾಲೆ ಏರಿ. ಕಲಿಸುವವರಿಗೂ ಬರವಿಲ್ಲ. ಅಣ್ಣನೋ, ಸೋದರಮಾವನೋ, ಪಕ್ಕದ ಮನೆಯವನೋ ಹಿಂದೆ ಕೂತು "ವಸಿ ವಸಿಯಾಗಿ ಕ್ಲಚ್ ಬುಡ್ಲಾ" ಅನ್ನುತ್ತಾನೆ. ಗಾಡಿ ಕುಪ್ಪಳಿಸಿ ಆಫ್ ಆಗುತ್ತದೆ. ಮತ್ತೆ ಕಿಕ್, ಮತ್ತೆ ಬೈಗುಳ. ಕೆಲವೇ ದಿನಗಳಲ್ಲಿ ಅದೇ ಹುಡುಗ ಮದ್ದೂರು ಪೇಟೆಯ ಗದ್ದಲದಲ್ಲಿ ಆಟೋ ಸಂದಿಯಲ್ಲಿ ನುಗ್ಗಿಕೊಂಡು ಹೋಗುತ್ತಿರುತ್ತಾನೆ. "ಗಾಡಿ ಬಂತು" ಎಂದು ಮನೆಯವರೂ ಒಪ್ಪಿಕೊಳ್ಳುತ್ತಾರೆ. ನಿಜಕ್ಕೂ ಅವನಿಗೆ ಬಂದದ್ದು ಅರ್ಧ. ಉಳಿದರ್ಧ ಯಾಕೆ ಬರಲಿಲ್ಲ ಎಂಬುದಕ್ಕೆ ಭೌತವಿಜ್ಞಾನದಲ್ಲೂ ಮೆದುಳಿನಲ್ಲೂ ಕಾರಣಗಳಿವೆ.

ಮೊದಲು ಕ್ಲಚ್ಚಿನ ವಿಷಯ. ಪೆಟ್ರೋಲ್ ಇಂಜಿನ್ನಿಗೆ ನಿಂತಲ್ಲಿಂದ ಎಳೆಯುವ ತಾಕತ್ತಿಲ್ಲ. ವಿದ್ಯುತ್ ಮೋಟಾರು ಸೊನ್ನೆ ವೇಗದಲ್ಲೂ ಬಲವಾಗಿ ತಿರುಚಬಲ್ಲದು. ಇಂಜಿನ್ನಾದರೋ ತಾನು ಸುತ್ತುತ್ತಿದ್ದರೆ ಮಾತ್ರ ಜೀವಂತ. 100 ಸಿ.ಸಿ. ಬೈಕು ನ್ಯೂಟ್ರಲ್‌ನಲ್ಲಿ ಗುಟುಗುಟು ಅನ್ನುವಾಗ ನಿಮಿಷಕ್ಕೆ ಸುಮಾರು 1400 ಸುತ್ತು ಸುತ್ತುತ್ತಿರುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಾದ್ದರಿಂದ ಎರಡು ಸುತ್ತಿಗೊಮ್ಮೆ ಪೆಟ್ರೋಲು ಉರಿಯುತ್ತದೆ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಹನ್ನೆರಡು ಸಲ. ಅತ್ತ ಹಿಂದಿನ ಚಕ್ರ ಅಲುಗದೆ ನಿಂತಿದೆ. ಇವೆರಡನ್ನೂ ಒಮ್ಮೆಲೇ ಗಂಟು ಹಾಕಿದರೆ ಸೋಲುವುದು ಇಂಜಿನ್ನೇ. ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೆ, ಗಾಡಿ ಮನುಷ್ಯನ ನಡಿಗೆಯ ವೇಗದಲ್ಲಿ ಹೋಗುತ್ತದೆ. ಸೊನ್ನೆಯಿಂದ ಆ ನಡಿಗೆಯ ವೇಗ ಮುಟ್ಟುವವರೆಗಿನ ಎರಡು ಮೂರು ಸೆಕೆಂಡು ಕ್ಲಚ್ಚಿನ ಪ್ಲೇಟುಗಳು ಒಂದರ ಮೇಲೊಂದು ಜಾರುತ್ತಲೇ ಇರಬೇಕು. ಊರ ಮೆಕ್ಯಾನಿಕ್ಕುಗಳು ಹಾಫ್ ಕ್ಲಚ್ ಅನ್ನುವುದು ಇದನ್ನೇ.

ಆ ಜಾರುವ ಜಾಗ ಲಿವರಿನ ಪೂರ್ತಿ ಓಟದಲ್ಲಿ ಕೆಲವೇ ಮಿಲಿಮೀಟರು. ಎಡಗೈಯ ನಾಲ್ಕು ಬೆರಳಿನಲ್ಲಿ ಅದನ್ನು ಹುಡುಕಬೇಕು. ಹುಡುಕುವ ಸುಲಭ ದಾರಿ ಒಂದಿದೆ: ಸಮತಟ್ಟು ನೆಲ, ಮೊದಲ ಗೇರು, ಬಲಗೈ ಆಕ್ಸಿಲರೇಟರಿನಿಂದ ದೂರ. ಲಿವರನ್ನು ಕೂದಲೆಳೆಯಷ್ಟು ಬಿಡುತ್ತಾ ಹೋದರೆ ಒಂದು ಹಂತದಲ್ಲಿ ಇಂಜಿನ್ನಿನ ದನಿ ತುಸು ಕುಗ್ಗುತ್ತದೆ, ಗಾಡಿ ಹಗೂರಕ್ಕೆ ಮುಂದೆ ಸರಿಯಲು ನೋಡುತ್ತದೆ. ಅಲ್ಲೇ ಬೆರಳು ನಿಲ್ಲಿಸಿ, ಮತ್ತೆ ಒತ್ತಿ, ಮತ್ತೆ ಬಿಡುವುದು. ಬೈಕಿನ ಕ್ಲಚ್ ಪ್ಲೇಟುಗಳು ಸಾಮಾನ್ಯವಾಗಿ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಒಣ ಕ್ಲಚ್ಚಿನಂತೆ ಬೇಗ ಸುಟ್ಟುಕೊಳ್ಳುವುದಿಲ್ಲ. ಆದ್ದರಿಂದ ಕಲಿಯುವವರು ಸಾವಕಾಶವಾಗಿ ಕಲಿಯಬಹುದು, ಗಾಡಿಯ ಯಜಮಾನನೂ ಹೊಟ್ಟೆ ಉರಿದುಕೊಳ್ಳಬೇಕಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹಾಲಿನ ಕ್ಯಾನು, ಹಸಿಹುಲ್ಲಿನ ಹೊರೆ, ಗೊಬ್ಬರದ ಮೂಟೆ ಹೊರುವ ಟಿವಿಎಸ್ ಎಕ್ಸೆಲ್ ಎಷ್ಟೋ ಮನೆಗಳಿಗೆ ಬಂದ ಮೊದಲ ಗಾಡಿ. ಅದರ ಕ್ಲಚ್ ತಾನೇ ಕೂಡಿಕೊಳ್ಳುವಂಥದ್ದು. ಇಂಜಿನ್ ವೇಗ ಹೆಚ್ಚಿದಂತೆ ಒಳಗಿನ ತುಂಡುಗಳು ಹೊರಕ್ಕೆ ಸಿಡಿದು ಡ್ರಮ್ಮನ್ನು ಕಚ್ಚುತ್ತವೆ, ಕೈಗೆ ಕೆಲಸವೇ ಇಲ್ಲ. ಸ್ಕೂಟರುಗಳಲ್ಲೂ ಹಾಗೆಯೇ. ಜೊತೆಗೆ ಸ್ಕೂಟರಿನ ಎಡಗೈ ಲಿವರು ಹಿಂದಿನ ಬ್ರೇಕು. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್ ಕೂತಿದೆ. ಸ್ಕೂಟರಿನಲ್ಲಿ ಕೈ ಪಳಗಿದವರು ಬೈಕು ಹತ್ತಿದಾಗ ನಾಯಿ ಅಡ್ಡ ಬಂದರೆ ಎಡಗೈಯನ್ನೇ ಬಿಗಿಯುತ್ತಾರೆ. ಗಾಡಿ ನಿಲ್ಲುವುದಿಲ್ಲ. ಇಂಜಿನ್ನಿನ ಹಿಡಿತವೂ ತಪ್ಪಿ ಮತ್ತಷ್ಟು ಸಲೀಸಾಗಿ ಮುಂದಕ್ಕೆ ಉರುಳುತ್ತದೆ. ಕೈ ಮೊದಲು ಕಲಿತದ್ದು ಹೊಸದನ್ನು ಕಲಿಯಲು ಅಡ್ಡ ಬರುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಗೇರಿನದೂ ಇದೇ ಕತೆ. ಸ್ಪ್ಲೆಂಡರಿನಲ್ಲಿ ಎಲ್ಲ ಗೇರೂ ಕೆಳಕ್ಕೆ ತುಳಿಯುವುದು, ಬೇರೆ ಎಷ್ಟೋ ಬೈಕುಗಳಲ್ಲಿ ಒಂದು ಕೆಳಕ್ಕೆ, ಉಳಿದವು ಮೇಲಕ್ಕೆ. ಬೈಕು ಬದಲಾದ ದಿನ ಹಳಬರೂ ಹೊಸಬರೇ.

ಈ ಕ್ಲಚ್ಚಿನ ತಾಪತ್ರಯಕ್ಕೆ ಪಕ್ಕದ ಮೈಸೂರಿನಲ್ಲೇ ಒಂದು ಪರಿಹಾರ ತಯಾರಾಗುತ್ತಿತ್ತು ಎಂಬುದು ಹೊಸ ತಲೆಮಾರಿಗೆ ತಿಳಿದಿರಲಿಕ್ಕಿಲ್ಲ. 1961ರಲ್ಲಿ ಉತ್ಪಾದನೆ ಶುರುಮಾಡಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳಲ್ಲಿ, ಮುಂದೆ ಯೆಜ್ಡಿ ಎಂಬ ಹೆಸರು ಪಡೆದವುಗಳಲ್ಲೂ, ಗೇರ್ ಲಿವರನ್ನು ಕಾಲಿನಿಂದ ಒತ್ತುವಾಗಲೇ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಏರ್ಪಾಡಿತ್ತು. ಅದೇ ಲಿವರನ್ನು ಹಿಂದಕ್ಕೆ ಮಡಿಸಿದರೆ ಕಿಕ್ಕರ್. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಕಾಲದಲ್ಲಿ ಕಲಿತ ಹಿರಿಯರು ಇವತ್ತಿಗೂ ಒಮ್ಮೊಮ್ಮೆ ಕ್ಲಚ್ ಹಿಡಿಯದೆ ಗೇರು ಹಾಕಿ ಮೊಮ್ಮಕ್ಕಳ ಎದೆ ನಡುಗಿಸುತ್ತಾರೆ.

ಗಾಡಿ ಹೊರಟ ಮೇಲೆ ಬ್ಯಾಲೆನ್ಸು. ಇಲ್ಲಿ ಒಂದು ವಿಚಿತ್ರವಿದೆ. ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲ್ ಯಾವ ಕಡೆ ತಿರುಗಿಸುತ್ತೀರಿ ಎಂದು ಮಳವಳ್ಳಿ ಬಸ್ ಸ್ಟ್ಯಾಂಡಿನ ಮುಂದೆ ನಿಂತು ಹತ್ತು ಮಂದಿ ಬೈಕ್ ಸವಾರರನ್ನು ಕೇಳಿ ನೋಡಿ. ಎಡಕ್ಕೆ ಅನ್ನುತ್ತಾರೆ, ನಿಮ್ಮನ್ನು ಅನುಮಾನದಿಂದ ನೋಡುತ್ತಾರೆ. ಗಾಡಿ ಮೆಲ್ಲಗಿದ್ದಾಗ ಅದು ಸರಿ. ವೇಗ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ದಾಟಿದ ಮೇಲೆ ನಡೆಯುವುದು ಬೇರೆ. ಸವಾರ ಎಡಗೈಯಿಂದ ಹ್ಯಾಂಡಲನ್ನು ತುಸು ಮುಂದಕ್ಕೆ ಒತ್ತುತ್ತಾನೆ, ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ತಿರುಗುತ್ತದೆ. ಟೈರುಗಳು ಬಲಕ್ಕೆ ಸರಿದಾಗ ಮೇಲಿನ ಭಾರ ಇದ್ದಲ್ಲೇ ಉಳಿದು ಗಾಡಿ ಎಡಕ್ಕೆ ವಾಲುತ್ತದೆ. ವಾಲಿದ ಮೇಲೆ ಚಕ್ರ ತಾನೇ ಎಡಕ್ಕೆ ಹೊರಳಿ ತಿರುವು ಶುರುವಾಗುತ್ತದೆ. ಇದನ್ನು ಸ್ಕಾಟ್ಲೆಂಡಿನ ಇಂಜಿನಿಯರ್ ರ‍್ಯಾಂಕಿನ್ 1869ರಲ್ಲೇ ಬರೆದಿದ್ದರು. ವಿಮಾನಕ್ಕೆ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಕೂಡ ಎಷ್ಟೋ ಸವಾರರನ್ನು ವಿಚಾರಿಸಿ, ತಾವು ದಿನವೂ ಮಾಡುವುದನ್ನು ಅವರು ತಪ್ಪಾಗಿ ವಿವರಿಸುತ್ತಾರೆ ಎಂದು ಕಂಡುಕೊಂಡಿದ್ದರು.

ಸುತ್ತುವ ಚಕ್ರ ಬುಗುರಿಯಂತೆ ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ ಎಂಬ ಮಾತು ಶಾಲೆಯಲ್ಲೂ ಕೇಳಿಬರುತ್ತದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1970ರಲ್ಲಿ ಇಂಗ್ಲೆಂಡಿನ ಡೇವಿಡ್ ಜೋನ್ಸ್ ಮುಂದಿನ ಚಕ್ರದ ಪಕ್ಕ ಎದುರು ದಿಕ್ಕಿಗೆ ಸುತ್ತುವ ಇನ್ನೊಂದು ಚಕ್ರ ಕಟ್ಟಿ ಬುಗುರಿ ಪರಿಣಾಮವನ್ನು ಅಳಿಸಿಹಾಕಿದರು. ಸೈಕಲ್ಲನ್ನು ಆರಾಮವಾಗಿ ಓಡಿಸಬಹುದಿತ್ತು. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಬುಗುರಿ ಪರಿಣಾಮವನ್ನೂ ಮುಂಚಕ್ರದ ಟ್ರೇಲನ್ನೂ (ಹ್ಯಾಂಡಲಿನ ಅಕ್ಷ ನೆಲ ಸೇರುವ ಬಿಂದುವಿಗಿಂತ ಟೈರು ತುಸು ಹಿಂದೆ ನೆಲ ಮುಟ್ಟುವ ಏರ್ಪಾಡು) ತೆಗೆದುಹಾಕಿದ ಪುಟ್ಟ ಗಾಡಿಯೊಂದು ಸವಾರನಿಲ್ಲದೆಯೂ ಬೀಳದೆ ಓಡುವುದನ್ನು ತೋರಿಸಿದರು. ಬೀಳುವ ಕಡೆಗೇ ಹ್ಯಾಂಡಲ್ ತಿರುಗಬೇಕು, ಅದು ಮುಖ್ಯ. ವೇಗವಿದ್ದರೆ ಗಾಡಿಯೇ ಆ ಕೆಲಸವನ್ನು ಬಹುಪಾಲು ಮಾಡಿಕೊಳ್ಳುತ್ತದೆ, ಮೆಲ್ಲಗಿದ್ದರೆ ಸವಾರ ಮಾಡಬೇಕು. ಕಲಿಯುವವರಿಗೆ ಓಡಿಸುವುದಕ್ಕಿಂತ ತೆವಳುವುದು ಕಷ್ಟವಾಗುವುದೂ, ಲೈಸೆನ್ಸು ಪರೀಕ್ಷೆಯಲ್ಲಿ ಎಂಟು ಹಾಕಿಸುವುದೂ ಇದಕ್ಕೇ.

ಬಾಯಿಗೆ ಗೊತ್ತಿಲ್ಲದ್ದು ಕೈಗೆ ಹೇಗೆ ಗೊತ್ತಾಯಿತು? ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗ ವಾಸಿ ಮಾಡಲು ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಹೊಸ ನೆನಪು ಅವನಲ್ಲಿ ನಿಲ್ಲಲೇ ಇಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಹಿಂದಿನ ದಿನ ಇದನ್ನು ಮಾಡಿದ ನೆನಪೇ ಅವನಿಗಿರಲಿಲ್ಲ. ಕೈಗೆ ಬರುವ ವಿದ್ಯೆಯ ದಾರಿಯೇ ಬೇರೆ. ಅದರಲ್ಲಿ ದೊಡ್ಡ ಪಾಲು ತಲೆಯ ಹಿಂಭಾಗದ ಕಿರುಮೆದುಳಿನದು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರವನ್ನು ಅದು ಪ್ರತಿಸಲವೂ ಗಮನಿಸಿ ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಸಂಜೆ ಎಷ್ಟು ಮಾಡಿದರೂ ಬಾರದ್ದು ಮಾರನೆಯ ಬೆಳಿಗ್ಗೆ ಸಲೀಸಾಗುವುದೂ ಉಂಟು. ನಿದ್ದೆಯಲ್ಲಿ ಇಂಥ ಕಲಿಕೆ ಗಟ್ಟಿಯಾಗುತ್ತದೆಂದು ಹಲವು ಪ್ರಯೋಗಗಳು ಹೇಳಿವೆ.

ಈಗ ನನ್ನ ತಕರಾರು. ಬ್ಯಾಲೆನ್ಸಿನಲ್ಲಿ ತಪ್ಪು ಪ್ರತಿ ಸೆಕೆಂಡೂ ಆಗುತ್ತದೆ, ಪ್ರತಿ ಸೆಕೆಂಡೂ ತಿದ್ದಿಕೊಳ್ಳಬಹುದು. ಅದಕ್ಕೇ ಬೇಗ ಬರುತ್ತದೆ. ಕ್ಲಚ್ ದಿನಕ್ಕೆ ನೂರು ಸಲ ಹಿಡಿಯುತ್ತೇವೆ, ಅದೂ ಬರುತ್ತದೆ. ಜೀವ ಉಳಿಸಿಕೊಳ್ಳಲು ಗಾಡಿಯನ್ನು ಗಟ್ಟಿಯಾಗಿ ನಿಲ್ಲಿಸುವ ಸಂದರ್ಭ ಬರುವುದು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಕಿರುಮೆದುಳಿಗೆ ಅಭ್ಯಾಸವೇ ಸಿಕ್ಕಿರುವುದಿಲ್ಲ. ಹತ್ತು ವರ್ಷ ಓಡಿಸಿದವನೂ ಆ ವಿದ್ಯೆಯಲ್ಲಿ ಮೊದಲ ದಿನದವನೇ.

ಅದರ ಮೇಲೆ ಊರಿನ ಉಪದೇಶ: "ಮುಂದ್ಲು ಬ್ರೇಕ್ ಮುಟ್ಬ್ಯಾಡ, ಮಕಾಡೆ ಬಿದ್ದೋಯ್ತೀಯ." ಲೆಕ್ಕ ಹಾಕಿ ನೋಡೋಣ. ಬ್ರೇಕು ಹಿಡಿದೊಡನೆ ಭಾರ ಮುಂದಿನ ಚಕ್ರಕ್ಕೆ ವಾಲುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಟೈರಿಗೆ ನೆಲದ ಹಿಡಿತವೂ ಕಡಿಮೆ. ಒಣ ಟಾರು ರಸ್ತೆಯಲ್ಲಿ ಘರ್ಷಣೆಯ ಗುಣಾಂಕ 0.7 ಎಂದಿಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುತ್ತಿರುವ ಪಳಗಿದ ಸವಾರ ಎರಡೂ ಬ್ರೇಕು ಬಳಸಿ 9 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನದೊಂದೇ ಆದರೆ ಅದರ ಎರಡೂವರೆ ಪಟ್ಟು ಬೇಕು. ಇದು ಬರೀ ಬ್ರೇಕಿನ ದೂರ. ಕಣ್ಣು ಕಂಡು ಕೈ ಒತ್ತುವ ಒಂದು ಸೆಕೆಂಡಿನಲ್ಲಿ ಗಾಡಿ ಆಗಲೇ 11 ಮೀಟರು ಹೋಗಿರುತ್ತದೆ. ವೇಗ 60 ಆದರೆ 9 ಇದ್ದದ್ದು 20 ಆಗುತ್ತದೆ, ಯಾಕೆಂದರೆ ನಿಲ್ಲುವ ದೂರ ಬೆಳೆಯುವುದು ವೇಗದ ವರ್ಗದ ಲೆಕ್ಕದಲ್ಲಿ.

ಹಾಗೆಂದು ಆ ಉಪದೇಶ ಹುಟ್ಟಿದ್ದು ಸುಮ್ಮನೆ ಅಲ್ಲ. ಸುಗ್ಗಿಯಲ್ಲಿ ನಮ್ಮ ಹಳ್ಳಿ ರಸ್ತೆಗಳೇ ಕಣ. ಹುರುಳಿ, ರಾಗಿ ಹರಡಿ, ಹೋಗಿ ಬರುವ ವಾಹನಗಳಿಂದ ಒಕ್ಕಣೆ ಮಾಡಿಸುತ್ತಾರೆ. ಒಣಗಿದ ಹುರುಳಿ ಬಳ್ಳಿ ಟೈರಿನಡಿ ಚಾಪೆಯಂತೆ ಸರಿಯುತ್ತದೆ, ಸಿಡಿದ ಕಾಳು ಅದರಡಿ ಉರುಳುತ್ತದೆ, ಬಳ್ಳಿ ಚೈನಿಗೂ ಸುತ್ತಿಕೊಳ್ಳುತ್ತದೆ. ಅಲ್ಲಿ ಟೈರು ಟಾರನ್ನು ಮುಟ್ಟುವುದೇ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಕೆ.ಎಂ. ದೊಡ್ಡಿ, ಕೊಪ್ಪದ ಕಾರ್ಖಾನೆಗಳ ಕಡೆಗೆ ಸಾಲುಗಟ್ಟುವ ಗಾಡಿ, ಟ್ರ್ಯಾಕ್ಟರುಗಳಿಂದ ಬಿದ್ದ ಸೋಗೆ, ನಾಟಿ ಕಾಲದಲ್ಲಿ ಗದ್ದೆಯಿಂದ ಏರಿದ ಚಕ್ರಗಳು ಬಿಟ್ಟುಹೋದ ಕೆಸರು, ಇವೂ ಹಾಗೆಯೇ. ಇಂಥ ಕಡೆ ಮುಂದಿನ ಚಕ್ರ ಲಾಕ್ ಆದರೆ ಹ್ಯಾಂಡಲ್ ತಿರುಗಿಸಿ ಬ್ಯಾಲೆನ್ಸು ಮಾಡುವ ದಾರಿಯೇ ಮುಚ್ಚಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುವುದೇ. ಹಿಂದಿನದು ಲಾಕ್ ಆದರೆ ಗಾಡಿ ಬಾಲ ಅಲ್ಲಾಡಿಸುತ್ತದೆ, ಬಹಳ ಸಲ ಉಳಿಸಿಕೊಳ್ಳಬಹುದು. ಹುರುಳಿ ಹರಡಿದ ರಸ್ತೆಗೆ ಸರಿಯಾದ ಬುದ್ಧಿಮಾತನ್ನು ನಾವು ಎಲ್ಲ ರಸ್ತೆಗೂ ಅನ್ವಯಿಸಿಬಿಟ್ಟೆವು, ಅಷ್ಟೇ.

ಬೀಳಿಸುವುದು ಮುಂದಿನ ಬ್ರೇಕಲ್ಲ, ಅದನ್ನು ಗಬಕ್ಕನೆ ಹಿಡಿಯುವ ರೀತಿ. ಭಾರ ಮುಂದಕ್ಕೆ ಬರುವ ಮೊದಲೇ ಜೋರಾಗಿ ಅದುಮಿದರೆ ಚಕ್ರ ಲಾಕ್ ಆಗುತ್ತದೆ. ಮೊದಲು ಮೆಲ್ಲಗೆ ಹಿಂಡಿ, ಮುಂದಿನ ಶಾಕ್ ಅಬ್ಸಾರ್ಬರ್ ಕುಸಿದದ್ದು ಅಂಗೈಗೆ ತಿಳಿದ ಮೇಲೆ ಒತ್ತಡ ಹೆಚ್ಚಿಸಬೇಕು. 2019ರ ಏಪ್ರಿಲ್‌ನಿಂದ ಮಾರಾಟವಾದ ಹೊಸ ಬೈಕುಗಳಲ್ಲಿ 125 ಸಿ.ಸಿ.ಗಿಂತ ದೊಡ್ಡದಕ್ಕೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಚಿಕ್ಕದಕ್ಕೆ ಕನಿಷ್ಠ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಕಡ್ಡಾಯವಾಯಿತು. ಕಲಿಯಲು ಸಿಗುವುದು ಮಾತ್ರ ಹೆಚ್ಚಾಗಿ ಮನೆಯ ಹಳೇ ಗಾಡಿ.

ನಾಲೆ ಏರಿಯ ಬಗ್ಗೆ ಒಂದು ಮಾತು. ದಯವಿಟ್ಟು ಬೇಡ. ಕಣ್ಣು ಎಲ್ಲಿ ನೆಟ್ಟಿದೆಯೋ ಕೈ ಗಾಡಿಯನ್ನು ಅಲ್ಲಿಗೇ ಒಯ್ಯುತ್ತದೆ. ಹೆದರಿದ ಕಣ್ಣು ನೆಡುವುದು ಹೆದರಿಕೆ ಹುಟ್ಟಿಸಿದ್ದರ ಮೇಲೆ, ಅಂದರೆ ನೀರಿನ ಮೇಲೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೇ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು.

ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಮಂಡ್ಯದಿಂದ ಮದ್ದೂರಿಗೆ ಹೋಗುವ ಹೊಸ ಸವಾರ ಈಗ ಸರ್ವೀಸ್ ರಸ್ತೆಯಲ್ಲಿ ಟ್ರ್ಯಾಕ್ಟರು, ಆಟೋ, ಎತ್ತಿನಗಾಡಿಗಳ ನಡುವೆ ಹೋಗಬೇಕು. ಅಲ್ಲಿ ಬೇಕಾದದ್ದು ವೇಗವಲ್ಲ, ನಿಲ್ಲುವ ವಿದ್ಯೆ. ಕಲಿಕಾ ಲೈಸೆನ್ಸು ಸಿಕ್ಕ 30 ದಿನಗಳ ತನಕ ಪರೀಕ್ಷೆಗೆ ಹೋಗುವಂತಿಲ್ಲ. ಪರೀಕ್ಷೆಯ ನಿಯಮದಲ್ಲಿ ತುರ್ತಾಗಿ ನಿಲ್ಲಿಸುವುದೂ ಸೇರಿದೆ, ಜನರ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಎಂಟು. ಕಲಿಸುವ ಅಣ್ಣಂದಿರು, ಮಾವಂದಿರು ಆ 30 ದಿನಗಳಲ್ಲಿ ಒಂದೆರಡು ಸಂಜೆಯನ್ನು ಇದಕ್ಕೆಂದೇ ಎತ್ತಿಡಲಿ. ಬಡಾವಣೆಯ ಖಾಲಿ ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದು, ಹುಡುಗನಿಗೆ ಹೆಲ್ಮೆಟ್ ಹಾಕಿಸಿ, 20ರ ವೇಗದಲ್ಲಿ ಬಂದು ಗೆರೆ ಮುಟ್ಟಿದೊಡನೆ ಎರಡೂ ಬ್ರೇಕು ಹಿಂಡಿ ನಿಲ್ಲಲು ಹೇಳಿ. ನಿಂತ ಜಾಗಕ್ಕೆ ಒಂದು ಕಲ್ಲಿಡಿ. ಆಮೇಲೆ 30, ಆಮೇಲೆ 40. ಕಲ್ಲುಗಳ ನಡುವಿನ ಅಂತರ ಹೇಗೆ ಬೆಳೆಯಿತು ಎಂದು ಅವನೇ ಹೆಜ್ಜೆ ಹಾಕಿ ಅಳೆಯಲಿ.