ಇಂಪೆಲ್ಲರ್ ಸವೆದರೆ ನೀರೂ ನಷ್ಟ, ಡೀಸೆಲ್ಲೂ ನಷ್ಟ

ನಮ್ಮ ಹಂಗಳದ ಕಡೆ ಬೆಟ್ಟದ ಮರೆಯ ಮಳೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸೂರ್ಯಕಾಂತಿ ಹೂ ಬಿಡುವ ಹೊತ್ತಿಗೆ ಹದಿನೈದು ದಿನ ಮಳೆ ಕೈಕೊಟ್ಟರೆ ಕಾಳು ಜೊಳ್ಳು. ಅಂಥ ಹೊತ್ತಿನಲ್ಲಿ ಒಂದೇ ಒಂದು ನೀರು ಕೊಟ್ಟರೂ ಬೆಳೆ ಉಳಿದುಕೊಳ್ತದೆ. 2014-15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡದ ಜೊತೆಗೆ ಡೀಸೆಲ್ ಪಂಪ್‌ಸೆಟ್ಟಿಗೂ ಸಹಾಯಧನ ಸಿಕ್ಕಿದ್ದು ಇದಕ್ಕೇ. ಆದರೆ ಹೊಂಡದಲ್ಲಿ ನೀರಿದ್ದು ಪಂಪು ಎತ್ತದಿದ್ದರೆ ಏನು ಬಂತು?

ನೀರು ಕಡಿಮೆಯಾದ ಕೂಡಲೇ ನಾವು ಇಂಜಿನ್ನನ್ನು ಬೈಯುತ್ತೇವೆ. ಬಹಳ ಸಲ ತಪ್ಪು ಪಂಪಿನೊಳಗೆ ಇರ್ತದೆ. ಪಂಪಿನ ಹೊಟ್ಟೆಯಲ್ಲಿ ತಿರುಗುವ ರೆಕ್ಕೆಯ ಚಕ್ರವೇ ಇಂಪೆಲ್ಲರ್. ಹೊಂಡದ ಕೆಮ್ಮಣ್ಣು, ಮರಳು ಸೇರಿದ ನೀರು ಅದಕ್ಕೆ ಉಪ್ಪು ಕಾಗದ ಉಜ್ಜಿದ ಹಾಗೆ. ರೆಕ್ಕೆಯ ತುದಿ ತೆಳುವಾಗ್ತದೆ, ಬಾಯಿಯ ಸುತ್ತಲಿನ ಸಂದು ಅಗಲವಾಗ್ತದೆ. ಎತ್ತಿದ ನೀರು ಆ ಸಂದಿನಲ್ಲೇ ವಾಪಸು ಸುತ್ತುತ್ತಾ ಇರ್ತದೆ.

ನಷ್ಟ ಎಷ್ಟು?

ಇದನ್ನು ಯಾರು ಬೇಕಾದರೂ ಅಳೆಯಬಹುದು. 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿ. ಹೊಸದರಲ್ಲಿ 25 ಸೆಕೆಂಡಿಗೆ ತುಂಬುತ್ತಿದ್ದುದು ಈಗ 40 ಸೆಕೆಂಡು ಹಿಡಿದರೆ ಲೆಕ್ಕ ಹೀಗಾಗ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 1 ಲಕ್ಷ 3 ಸಾವಿರ ಲೀಟರು ಬೇಕು. ಮೊದಲು ಮೂರೂವರೆ ಗಂಟೆ ಸಾಕಿತ್ತು, ಈಗ ಐದೂಮುಕ್ಕಾಲು ಗಂಟೆ ಬೇಕು. 5 ಅಶ್ವಶಕ್ತಿಯ ಇಂಜಿನ್ನು ಪೂರ್ತಿ ಭಾರದಲ್ಲಿ ಗಂಟೆಗೆ ಸುಮಾರು 1 ಲೀಟರು ಡೀಸೆಲ್ ಕುಡಿಯುತ್ತದೆ. ಎಕರೆಗೆ ಒಂದು ಸಲಕ್ಕೇ ಎರಡು ಲೀಟರಿನಷ್ಟು ದಂಡ!

ಇನ್ನೊಂದು ಅಪಾಯ ಉಂಟು. ನೀರಿನಿಂದ ತಣಿಯುವ ಬಹಳ ಇಂಜಿನ್ನುಗಳಿಗೆ ಪಂಪಿನ ಡೆಲಿವರಿಯಿಂದಲೇ ಸಣ್ಣ ಪೈಪಿನಲ್ಲಿ ನೀರು ಹೋಗ್ತದೆ. ಪಂಪು ಸೋತರೆ ಇಂಜಿನ್ನೂ ಕಾಯುತ್ತದೆ. ಹೊರಬೀಳುವ ನೀರು ಕೈ ತಾಳದಷ್ಟು ಬಿಸಿಯಾದರೆ ಅಥವಾ ನಿಂತೇ ಹೋದರೆ ಇಂಜಿನ್ನು ನಿಲ್ಲಿಸಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ಡು ಸೀಳುತ್ತದೆ. ಮಲ್ಪೆ, ಮಂಗಳೂರು ಕಡೆಯ ಕಡಲಿನಲ್ಲೂ ಇದೇ ಕಥೆ. ದೋಣಿಯ ಎಷ್ಟೋ ಡೀಸೆಲ್ ಇಂಜಿನ್ನುಗಳು ತಣಿಯುವುದು ಕಡಲ ನೀರಿನಿಂದ. ಅದನ್ನು ಎಳೆಯುವ ಪಂಪಿನಲ್ಲಿ ರಬ್ಬರಿನ ಇಂಪೆಲ್ಲರ್ ಇರ್ತದೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಅದು ಸುಟ್ಟು ಚೂರಾಗ್ತದೆ. ಹೊಸದು ಹಾಕುವ ಮುಂಚೆ ಮುರಿದ ಚೂರುಗಳನ್ನೆಲ್ಲ ಹುಡುಕಿ ತೆಗೆಯಬೇಕು, ಇಲ್ಲವಾದರೆ ಮುಂದಿನ ಪೈಪಿಗೆ ಸಿಕ್ಕಿಕೊಳ್ತವೆ. ನಮ್ಮದು ಎರಕದ ಕಬ್ಬಿಣವೋ ಗನ್‌ಮೆಟಲ್ಲೋ ಆದ್ದರಿಂದ ಸುಡೋದಿಲ್ಲ. ಆದರೆ ನೀರಿಲ್ಲದೆ ಓಡಿದರೆ ಗ್ಲಾಂಡ್ ಹಗ್ಗ ಸುಟ್ಟು ಶಾಫ್ಟು ಗೀರು ಬೀಳ್ತದೆ.

ಬಿಚ್ಚುವ ಮುಂಚೆ

ಮೊದಲು ಖರ್ಚಿಲ್ಲದ್ದನ್ನು ನೋಡಿ. ಫುಟ್‌ವಾಲ್ವಿನ ಜರಡಿಗೆ ಕಸ ಕಟ್ಟಿದೆಯೇ? ಸಕ್ಷನ್ ಪೈಪಿನ ಜೋಡಣೆಯಲ್ಲಿ, ಗ್ಲಾಂಡಿನಲ್ಲಿ ಗಾಳಿ ಎಳೆಯುತ್ತಿದೆಯೇ? ಇಂಜಿನ್ನು ಸರಿಯಾದ ವೇಗದಲ್ಲಿ ಓಡುತ್ತಿದೆಯೇ? ನೀರು ಪಂಪಿಗಿಂತ 6 ಮೀಟರಿಗೂ ಕೆಳಗೆ ಇಳಿದಿದ್ದರೆ ಹೊಸ ಇಂಪೆಲ್ಲರೂ ಎಳೆಯೋದು ಕಷ್ಟ, ಪಂಪನ್ನೇ ಕೆಳಗಿಳಿಸಬೇಕು. ಇವೆಲ್ಲ ಸರಿಯಿದ್ದೂ ನೀರು ಬಾರದಿದ್ದರೆ ಬಿಚ್ಚಿ.

ಬದಲಾಯಿಸುವ ಕ್ರಮ

1. ಪಂಪಿನ ನೀರು ಇಳಿಸಿ, ಸಕ್ಷನ್ ಕಡೆಯ ಮುಚ್ಚಳದ ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ.

2. ಇಂಪೆಲ್ಲರಿನ ನಟ್ಟಿಗೆ ಸಾಮಾನ್ಯವಾಗಿ ತಿರುಗುವಾಗ ಬಿಗಿಯಾಗುವಂತೆ ತ್ರೆಡ್ಡು ಇರ್ತದೆ. ಬಿಚ್ಚುವ ದಿಕ್ಕು ತಿಳಿದುಕೊಂಡು ಸ್ಪ್ಯಾನರ್ ಹಾಕಿ.

3. ಇಂಪೆಲ್ಲರನ್ನು ಸುತ್ತಿಗೆಯಿಂದ ಬಡಿಯಬೇಡಿ, ಪುಲ್ಲರಿನಿಂದ ಎಳೆಯಿರಿ. ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆ ಬಿಟ್ಟು ರಾತ್ರಿಯೆಲ್ಲ ಬಿಡಿ. ಶಾಫ್ಟಿನ ಸಣ್ಣ ಕೀಲಿಯನ್ನು ಜೋಪಾನ ಮಾಡಿ.

4. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ದೊಡ್ಡದು ಹಾಕಿದರೆ ಹೆಚ್ಚು ನೀರು ಬರ್ತದೆ ಅನ್ನುವವರಿದ್ದಾರೆ. ಅಡ್ಡಳತೆ ನೂರಕ್ಕೆ ಹತ್ತು ಹೆಚ್ಚಾದರೆ ಇಂಜಿನ್ನಿನ ಭಾರ ಸುಮಾರು ಮೂರರಲ್ಲೊಂದು ಪಾಲು ಹೆಚ್ಚಾಗ್ತದೆ, ಕಪ್ಪು ಹೊಗೆ ಕಾರುತ್ತದೆ.

5. ಇಂಪೆಲ್ಲರ್ ಬಾಯಿಗೆ ಕೂರುವ ಬಳೆಯಂಥ ವೇರ್ ರಿಂಗು ಸವೆದಿದ್ದರೆ ಅದನ್ನೂ ಹಾಕಿಸಿ. ಇಂಪೆಲ್ಲರ್ ಮಾತ್ರ ಹೊಸದಾದರೆ ಸಂದು ಹಾಗೇ ಉಳೀತದೆ.

6. ಕೂರಿಸುವಾಗ ರೆಕ್ಕೆಯ ಉಬ್ಬಿದ ಬೆನ್ನು ತಿರುಗುವ ದಿಕ್ಕಿಗೆ ಮುಂದಾಗಿರಬೇಕು. ಸೌಟಿನಂತೆ ನೀರು ಬಾಚುವುದಲ್ಲ, ಹೊರಕ್ಕೆ ಎಸೆಯುವುದು ಅದರ ಕೆಲಸ.

7. ಗ್ಲಾಂಡ್ ಹಗ್ಗವನ್ನು ಓರೆಯಾಗಿ ಕತ್ತರಿಸಿ, ಒಂದರ ಜೋಡಣೆ ಇನ್ನೊಂದರ ಮೇಲೆ ಬಾರದಂತೆ ಹಾಕಿ. ಗ್ಯಾಸ್ಕೆಟ್ಟು ಹೊಸದಿರಲಿ.

8. ಮುಚ್ಚಿದ ಮೇಲೆ ಕೈಯಿಂದ ತಿರುಗಿಸಿ ನೋಡಿ. ಎಲ್ಲೂ ಉಜ್ಜಬಾರದು. ಪಂಪು ತುಂಬ ನೀರು ಹೊಯ್ದು, ಗಾಳಿ ಪೂರ್ತಿ ಹೋದ ಮೇಲೆಯೇ ಚಾಲೂ ಮಾಡಿ. ಗ್ಲಾಂಡಿನಿಂದ ಹನಿ ಹನಿ ನೀರು ತೊಟ್ಟಿಕ್ಕುತ್ತಿರಲಿ. ಅದನ್ನು ಪೂರ್ತಿ ನಿಲ್ಲಿಸಲು ಬಿಗಿದರೆ ಶಾಫ್ಟು ಸವೆಯುತ್ತದೆ.

ಹೆಚ್ಚು ದಿನ ಬಾಳಲು

ಫುಟ್‌ವಾಲ್ವನ್ನು ಹೊಂಡದ ತಳಕ್ಕೆ ಬಿಡಬೇಡಿ. ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಕಟ್ಟಿ ನೀರಿನ ಮಟ್ಟದಿಂದ ಎರಡಡಿ ಕೆಳಗೆ ತೇಲಿಬಿಟ್ಟರೆ ಕೆಸರು ಎಳೆಯೋದಿಲ್ಲ, ಹೊಂಡದ ಹಾಳೆಯೂ ಹರಿಯೋದಿಲ್ಲ. ಹೊಂಡಕ್ಕೆ ನೀರು ಬರುವ ಬಾಯಲ್ಲಿ ಹೂಳು ನಿಲ್ಲುವ ಸಣ್ಣ ಗುಂಡಿ ಇರಲಿ.

ಈ ಕೆಲಸ ಹೊಂಡ ಬತ್ತಿರುವ ಬೇಸಿಗೆಯಲ್ಲೇ ಮುಗಿಯಬೇಕು. ಬೆಳೆ ಬಾಡುವಾಗ ಸಾಮಾನು ಹುಡುಕಿಕೊಂಡು ಗುಂಡ್ಲುಪೇಟೆಗೋ ಮೈಸೂರಿಗೋ ಓಡಿದರೆ ಎರಡು ದಿನ ಹೋಯಿತು. ಒಂದು ಗ್ಯಾಸ್ಕೆಟ್ಟು, ಒಂದು ಮೊಳ ಗ್ಲಾಂಡ್ ಹಗ್ಗ ಮನೆಯಲ್ಲಿರಲಿ. ಹೊಸ ಇಂಪೆಲ್ಲರ್ ಹಾಕಿದ ದಿನವೇ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಡ್ರಮ್ಮಿನ ಮೇಲೆ ಬಣ್ಣದಲ್ಲಿ ಬರೆದಿಡಿ. ಮುಂದಿನ ವರ್ಷ ಪಂಪು ಸೋತಿದೆಯೋ ಇಲ್ಲವೋ ಯಾರನ್ನೂ ಕೇಳಬೇಕಾಗಿಲ್ಲ.